ಅಕ್ಕನ ತೊಡೆಯ ಎರಡು ಫೋಟೋ

"ಸ್ವಲ್ಪ ಬಿಗಿ ಹಿಡಿ ಅಕ್ಕಾ. ತೊಡೆ ಬಿಗಿ ಹಿಡಿ ಅಂದ್ರೆ ಹೊಟ್ಟೆ ಎಳ್ಕೋತೀಯಲ್ಲ!"

ಗೋಡೆಗೆ ಮುಖ ಮಾಡಿ, ಕ್ಲಿನಿಕ್ಕಿನ ಗೌನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದ ಅಕ್ಕನಿಗೆ ರೋಸಿಹೋಗಿತ್ತು. ಐವತ್ತು ದಾಟಿದವಳು, ಊರಿನ ಈಜುಕೊಳದಲ್ಲಿ ಹೆಂಗಸರಿಗೆ ಈಜು ಕಲಿಸುವವಳು. ಅಂಚಿನ ಕಂಬಿ ಬಿಡಲೊಲ್ಲದ ಪುಕ್ಕಲುಗಳನ್ನೆಲ್ಲ ಗದರಿಸಿ ತೇಲಿಸಿದವಳು ಈಗ ತಂಗಿಯ ಕ್ಯಾಮೆರಾಕ್ಕೆ ಬೆನ್ನು ಕೊಟ್ಟು, ತೊಡೆಯನ್ನು ಬಿಗಿ ಹಿಡಿಯುವುದು ಹೇಗೆಂದು ತಡಕಾಡುತ್ತಿದ್ದಳು.

ಶುರುವಾದದ್ದು ತಂಗಿ ತನ್ನ ಕ್ಲಿನಿಕ್ಕಿಗೆ ಹೊಸ ಲೇಸರ್ ಯಂತ್ರ ತರಿಸಿದಾಗ. ಕತ್ತರಿ ಇಲ್ಲ, ಹೊಲಿಗೆ ಇಲ್ಲ, ಬರೀ ಬೆಳಕಿನಿಂದಲೇ ತೊಡೆಯ ಗುಳಿಗಳೆಲ್ಲ ಮಾಯ ಎಂದು ಯಂತ್ರ ಮಾರಿದವರು ನಂಬಿಸಿದ್ದರು. ಗಿರಾಕಿಗಳಿಗೆ ತೋರಿಸಲು 'ಮೊದಲು', 'ನಂತರ' ಎಂದು ಎರಡು ಫೋಟೋ ಬೇಕಿತ್ತು. "ನಿನ್ನ ತೊಡೆಗಿಂತ ಒಳ್ಳೇದು ನನಗೆಲ್ಲಿ ಸಿಗುತ್ತೆ ಅಕ್ಕಾ?" ಎಂದು ತಂಗಿ ಗೋಗರೆದಿದ್ದಳು. ಒಳ್ಳೆಯದೆಂದರೆ ಗುಳಿ ಬಿದ್ದದ್ದು ಎಂಬ ಅರ್ಥ ಹೊಳೆಯುವ ಹೊತ್ತಿಗೆ ಅಕ್ಕ ಒಪ್ಪಿಯಾಗಿತ್ತು. ಅರ್ಧ ಆಯುಷ್ಯ ಈಜುಡುಗೆಯಲ್ಲೇ ಕಳೆದವಳಿಗೆ ತನ್ನ ತೊಡೆ ರಿಪೇರಿಗೆ ಬಂದಿದೆಯೆಂದು ಅಲ್ಲಿಯವರೆಗೆ ಅನ್ನಿಸಿಯೇ ಇರಲಿಲ್ಲ.

ಆಮೇಲೆ ವಾರ ವಾರ ಅದೇ ಪಾಡು. ಕಣ್ಣಿಗೆ ಕಪ್ಪು ಕನ್ನಡಕ, ತೊಡೆಗೆ ಐಸಿನಂಥ ಜೆಲ್, ಅದರ ಮೇಲೆ ಇಸ್ತ್ರಿಪೆಟ್ಟಿಗೆ ಹತ್ತಿರ ತಂದಂಥ ಶಾಖ. ಅವತ್ತೆಲ್ಲ ಕೊಳಕ್ಕಿಳಿಯುವ ಹಾಗಿಲ್ಲ. ದಡದಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿ ಪಾಠ ಮಾಡಬೇಕು. ತಂಗಿ ಮಾತ್ರ ಟೇಪು ಹಿಡಿದು ಅಳೆದು, "ಈ ಸಲ ಗೊತ್ತಾಗ್ತಿದೆ ನೋಡು" ಅನ್ನುವಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಎಂದು ಅಕ್ಕ ಗೊಣಗಿಕೊಂಡು ಮನೆಗೆ ಹೋಗುವಳು.

"ಆಯ್ತು. ಬಾ, ನೋಡು."

ಕಂಪ್ಯೂಟರಿನ ಪರದೆಯ ಎಡಗಡೆ ಅಕ್ಕನ ಹಳೇ ತೊಡೆ. ಬಲಗಡೆ ಇನ್ಯಾರದೋ, ಕಡೆದಿಟ್ಟ ಬೆಣ್ಣೆಯಂಥದ್ದು.

"ಇದು ನಂದಾ?" ಕೇಳುವಾಗ ತನ್ನ ದನಿಯಲ್ಲಿ ಇಣುಕಿದ ಖುಷಿಗೆ ಅಕ್ಕನಿಗೇ ನಾಚಿಕೆಯಾಯಿತು. ಮರುಕ್ಷಣ ತಿರುಗಿ ನೋಡಿದಳು. ಮೊದಲ ಫೋಟೋದ ದಿನ ತಲೆಯ ಮೇಲೆ ಟ್ಯೂಬ್‌ಲೈಟ್ ಬಿಟ್ಟರೆ ಏನೂ ಇರಲಿಲ್ಲ. ಇವತ್ತು ಎರಡು ದೊಡ್ಡ ದೀಪಗಳು ಬಿಳಿ ಕೊಡೆ ಹಿಡಿದು ನಿಂತಿದ್ದವು.

"ಆ ದೀಪ ಆರಿಸು."

"ಯಾಕೆ?"

"ಆರಿಸು ಅಂದೆ."

ಆರಿಸಿದಳು. ಅಕ್ಕ ಕತ್ತು ಹೊರಳಿಸಿ ಕನ್ನಡಿ ನೋಡಿದಳು. ಗುಳಿಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಕ್ಷೇಮವಾಗಿದ್ದವು.

"ಟ್ರೀಟ್‌ಮೆಂಟ್ ಕೊಟ್ಟಿದ್ದು ನನಗಾ, ದೀಪಕ್ಕಾ?"

"ಎಲ್ರೂ ಹೀಗೇ ತೆಗೆಯೋದು ಅಕ್ಕಾ. ಒಂಚೂರು ಕಡಿಮೆಯಾಗಿದೆ, ಸುಳ್ಳಲ್ಲ."

"ಆ ಒಂಚೂರು ನೋಡೋಕೆ ಗಿರಾಕಿಗಳಿಗೆ ದುರ್ಬೀನು ಕೊಡ್ತೀಯಾ?"

"ಮತ್ತೇನ್ ಮಾಡ್ಲಿ? ಯಂತ್ರಕ್ಕೆ ಬಟ್ಟೆ ಹೊದಿಸಿ ಎದುರಿಗೆ ಕೂತ್ಕೊಳ್ಳಲಾ?" ತಂಗಿಯ ಕಣ್ಣು ತುಂಬಿತು.

ಅಷ್ಟರಲ್ಲಿ ಬಾಗಿಲು ತಟ್ಟಿ ಒಳಗೆ ಬಂದದ್ದು ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು. ಅಕ್ಕನ ತರಗತಿಗೆ ಸೇರಿ, ಉದ್ದ ಪ್ಯಾಂಟಿನಲ್ಲೇ ದಡದ ಮೇಲೆ ಕೂತಿದ್ದು, ಒಂದು ದಿನ ಹೇಳದೆ ಕೇಳದೆ ಬರುವುದನ್ನೇ ಬಿಟ್ಟವಳು. ಗೌನಿನಲ್ಲಿದ್ದ ಅಕ್ಕನನ್ನು ಕಂಡು ಅವಳ ಮುಖ ಅರಳಿತು.

"ಮೇಡಂ! ನೀವೂನಾ? ಹಾಗಾದ್ರೆ ಇದು ಕೆಲಸ ಮಾಡುತ್ತೆ ಅಲ್ವಾ?"

ಹುಡುಗಿಯ ಹಿಂದಿನಿಂದ ತಂಗಿ ಅಕ್ಕನನ್ನೇ ನೋಡುತ್ತಿದ್ದಳು. ಚಿಕ್ಕವಳಿದ್ದಾಗ ಏನಾದರೂ ಒಡೆದು ಹಾಕಿ, ಅಮ್ಮನ ಮುಂದೆ ಬಾಯಿ ಬಿಡಬೇಡವೆಂದು ಬೇಡುತ್ತಿದ್ದ ಅದೇ ನೋಟ. ಆಗೆಲ್ಲ ಅಕ್ಕ ಬಾಯಿ ಬಿಟ್ಟವಳಲ್ಲ.

ಈಗ ಕಿಟಕಿಯ ಪರದೆ ಸರಿಸಿ, ಹಗಲು ಬೆಳಕಿಗೆ ಬಂದು ನಿಂತು, ಗೌನು ಎತ್ತಿದಳು. "ಎಲ್ಲಾ ಮುಗಿದ ಮೇಲೆ ಇದು. ನೀನೇ ನೋಡಮ್ಮ."

ಹುಡುಗಿ ಬಹಳ ಹೊತ್ತು ನೋಡಿದಳು. "ನೋವಾಗುತ್ತಾ?"

"ಅಯ್ಯೋ, ಕಣ್ಣು ಕಾಣುತ್ತೋ ಇಲ್ವೋ ನಿನಗೆ! ಸುಮ್ನೆ ಕೊಳಕ್ಕೆ ಬಾ. ನೀರಿಗಿಳಿದ ಮೇಲೆ ಯಾರ ತೊಡೆ ಯಾರು ನೋಡ್ತಾರೆ?"

"ನೀರಿಗಿಳಿಯೋವರೆಗೆ ನೋಡ್ತಾರಲ್ಲ ಮೇಡಂ. ಬಟ್ಟೆ ಬದಲಾಯಿಸೋ ರೂಮಿಂದ ಕೊಳದವರೆಗೆ ನಡೀಬೇಕಲ್ಲ."

ಅಕ್ಕ ಎತ್ತಿ ಹಿಡಿದಿದ್ದ ಗೌನನ್ನು ಕೆಳಗೆ ಬಿಟ್ಟಳು. ದಿನಾ ಟವೆಲ್ಲು ಹೆಗಲಿಗೆಸೆದು ದಾಪುಗಾಲು ಹಾಕುತ್ತಿದ್ದ ಆ ದಾರಿ ಯಾರಿಗಾದರೂ ದೂರವೆನ್ನಿಸೀತೆಂದು ಅವಳೆಂದೂ ಯೋಚಿಸಿರಲಿಲ್ಲ.

ತಂಗಿ ಮೂಗೊರೆಸಿಕೊಂಡಳು. "ಒಂಚೂರೇ ಕಡಿಮೆಯಾಗೋದು. ಟ್ರೀಟ್‌ಮೆಂಟ್ ಬಿಟ್ಟರೆ ಅದೂ ಮತ್ತೆ ಬರಬಹುದು. ಈಗಲೇ ಹೇಳ್ಬಿಡ್ತೀನಿ." ಹುಡುಗಿಗೆ ಹೇಳಿದರೂ ನೋಡಿದ್ದು ಅಕ್ಕನ ಕಡೆಗೆ.

"ಒಂಚೂರೇ ಸಾಕು," ಎಂದಳು ಹುಡುಗಿ.

"ಇಬ್ಬರಿಗೂ ತಲೆ ಕೆಟ್ಟಿದೆ!" ಅಕ್ಕ ಪಕ್ಕದ ಕೋಣೆಗೆ ಹೋಗಿ ಬಟ್ಟೆ ಬದಲಾಯಿಸಿ, ಬ್ಯಾಗು ಹೆಗಲಿಗೇರಿಸಿ, ಹೊರಬಾಗಿಲಿನವರೆಗೂ ನಡೆದಳು. ಒಳಗೆ ಯಂತ್ರ ಗುಂಯ್ ಎಂದಿತು. ಅದರ ಹಿಂದೆಯೇ ಹುಡುಗಿ "ಅಮ್ಮಾ" ಎಂದದ್ದು ಕೇಳಿಸಿತು.

ಅಕ್ಕ ಚಪ್ಪಲಿ ಮೆಟ್ಟಿದಳು, ಬಿಟ್ಟಳು. ವಾಪಸು ಬಂದು ಕಪ್ಪು ಕನ್ನಡಕವೊಂದನ್ನು ಹಾಕಿಕೊಂಡು ಮೇಜಿನ ಪಕ್ಕ ಸ್ಟೂಲು ಎಳೆದು ಕೂತಳು.

"ಉಸಿರು ಕಟ್ಟಬೇಡ ಕಣೇ. ಬಿಡು. ಹಾಂ, ನಿಧಾನ."

ಮುದುಡಿಕೊಂಡಿದ್ದ ಹುಡುಗಿಯ ಕಾಲ್ಬೆರಳುಗಳು ಒಂದೊಂದಾಗಿ ಸಡಿಲವಾದವು.