ನಿಂತು ಕೊಟ್ಟ ಅಳತೆ

"ಗೋಡೆಗೆ ಒರಗಬೇಡಿ. ಕೈ ಇಳಿಬಿಡಿ. ಹಾಂ, ಹಾಗೇ," ಎಂದು ಡಾಕ್ಟರಮ್ಮ ನೀಲಿ ಪೆನ್ನಿನ ಮುಚ್ಚಳ ತೆಗೆದರು.

ಸೊಂಟದ ಮೇಲೆ ಬಟ್ಟೆಯಿಲ್ಲದೆ ನಿಂತಿದ್ದ ಹೊಲಿಗೆಯವಳಿಗೆ ನಗು ಬರುವಂತಾಯಿತು. ಇಪ್ಪತ್ತೆರಡು ವರ್ಷ ಇದೇ ಮಾತನ್ನು ಅವಳು ಗಿರಾಕಿಗಳಿಗೆ ಹೇಳುತ್ತ ಬಂದಿದ್ದಳು. ಪೆನ್ನು ಕತ್ತಿನ ಕುಳಿಯಿಂದ ಹೊರಟು ಎರಡೂ ಮೊಲೆಗಳ ಮೇಲೆ ಗೆರೆ ಎಳೆಯಿತು. ಆಪರೇಷನ್ನಿನಲ್ಲಿ ಎಡಗಡೆಯ ಕ್ಯಾನ್ಸರ್ ಗಂಟನ್ನು ಸುತ್ತಲಿನ ಒಂದಿಷ್ಟು ಮಾಂಸದ ಜೊತೆ ತೆಗೆದು, ಉಳಿದದ್ದನ್ನೇ ಸರಿಸಿ ಹಳ್ಳ ತುಂಬಿಸುವುದು. ಬಲಗಡೆಯದನ್ನೂ ಅದಕ್ಕೆ ಹೊಂದುವಷ್ಟು ಕಿರಿದು ಮಾಡುವುದು. ಮಲಗಿದರೆ ಆಕಾರ ಹರಡಿಹೋಗುತ್ತದೆ, ಅದಕ್ಕೇ ನಿಲ್ಲಿಸಿ ಗುರುತು ಹಾಕುವುದು ಎಂದಿದ್ದರು ಡಾಕ್ಟರಮ್ಮ.

ಮೂಲೆಯ ಸ್ಟೂಲಿನಲ್ಲಿ ಅಕ್ಕ, ತಂಗಿಯ ಬಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು.

"ಚೆನ್ನಾಗಿರೋದಕ್ಕೂ ಕತ್ತಿ ಹಾಕಿಸ್ಕೊಳ್ಳೋರನ್ನ ಇವತ್ತೇ ನೋಡಿದ್ದು," ಎಂದಳು, ಕಿಟಕಿಗೆ ಹೇಳುವಂತೆ. "ಬಡ್ಕೊಂಡೆ, ಪೂರ್ತಿ ತೆಗೆಸಿಬಿಡೇ, ಪೀಡೆ ತೊಲಗ್ಲಿ ಅಂತ. ಐವತ್ತಕ್ಕೆ ಮೂರು ಕಮ್ಮಿ ನಿಂಗೆ. ಯಾವ ಮದುವೆ ಮನೆಗೆ ಹೊರಟಿದ್ದೀಯ?"

"ಮದುವೆಗಲ್ಲ ಕಣಕ್ಕಾ. ದಿನಾ ಹತ್ತು ಜನರ ಜೊತೆ ಕನ್ನಡಿ ಮುಂದೆ ನಿಲ್ಬೇಕು ನಾನು."

ಮಾತೇನೋ ಜೋರಾಗಿಯೇ ಬಂತು. ಆದರೆ ಅಕ್ಕ ಹೇಳಿದ್ದೇ ಸರಿಯಾಗಿದ್ದರೆ? ಆಕಾರದ ಆಸೆಗೆ ಪ್ರಾಣವನ್ನೇ ಪಣಕ್ಕಿಟ್ಟೆನೇ?

"ಅಂಚಲ್ಲಿ ಚೂರು ಉಳ್ಕೊಂಡಿದ್ರೆ, ಡಾಕ್ಟ್ರೇ?" ಮೂರನೆಯ ಸಲ ಕೇಳಿದಳು.

"ತೆಗೆದಿದ್ದನ್ನ ಪರೀಕ್ಷೆಗೆ ಕಳಿಸ್ತೀವಿ. ಉಳಿದಿದ್ರೆ ಮತ್ತೆ ಕೊಯ್ಬೇಕು. ಆಗ ಪೂರ್ತಿ ತೆಗೀಬೇಕಾಗಿ ಬಂದ್ರೂ ಬರಬಹುದು. ಉಳಿಯಲ್ಲ ಅಂತ ಮಾತು ಕೊಡಕ್ಕಾಗಲ್ಲಮ್ಮಾ."

ಡಾಕ್ಟರಮ್ಮ ಎರಡು ಹೆಜ್ಜೆ ಹಿಂದೆ ಸರಿದು, "ಸರಿಯಾಗಿದೆ," ಎಂದರು. ಬೇಸಿನ್ನಿನ ಮೇಲಿದ್ದ ಕನ್ನಡಿಯಲ್ಲಿ ಅವಳೂ ನೋಡಿಕೊಂಡಳು. ಹೊಟ್ಟೆ ಒಳಗೆ, ಎದೆ ಮುಂದೆ, ಭುಜ ಸಿಪಾಯಿಯದು. ಟೇಪು ಕಂಡೊಡನೆ ಗಿರಾಕಿಗಳೆಲ್ಲ ಮಾಡುವ ತಪ್ಪು ಇದು! ಅಳತೆಯ ಹೊತ್ತಿಗೆ ಬೇರೆಯದೇ ಮೈ ತಂದು ನಿಲ್ಲಿಸುತ್ತಾರೆ; ಆಮೇಲೆ ಬೈಸಿಕೊಳ್ಳುವವಳು ಹೊಲಿದವಳು. ಬಟ್ಟೆಯನ್ನಾದರೂ ಬಿಚ್ಚಿ ಹೊಲಿಯಬಹುದು.

"ಅಳಿಸಿ, ಡಾಕ್ಟ್ರೇ."

ಅಕ್ಕ ಥಟ್ಟನೆ ತಿರುಗಿದಳು. "ಬೇಡ್ವಾ ಹಾಗಾದ್ರೆ?"

"ಬೇಕು. ಆದ್ರೆ ಉಸಿರು ಹಿಡ್ಕೊಂಡು ನಿಂತುಬಿಟ್ಟಿದ್ದೆ. ನಾನು ನಿಲ್ಲೋದು ಹೀಗಲ್ಲ."

ಅವಳು ಉಸಿರು ಬಿಟ್ಟಳು. ಮಿಷನ್ನಿಗೆ ಬಾಗಿ ಬಾಗಿ ಇಳಿದುಹೋದ ಬಲಭುಜ, ಗೂನಾದ ಬೆನ್ನು, ಜೋತ ಹೊಟ್ಟೆ, ಎಲ್ಲವೂ ತಂತಮ್ಮ ಜಾಗಕ್ಕೆ ಬಂದವು. ಗೆರೆಗಳು ಒಂದು ಬೆರಳು ಕೆಳಗೆ ಜಾರಿ ಸೊಟ್ಟಗಾದವು. ಡಾಕ್ಟರಮ್ಮ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದರು.

ಕರಗಿದ ನೀಲಿ ತಣ್ಣಗೆ ಹೊಟ್ಟೆಯ ಮೇಲೆ ಇಳಿಯತೊಡಗಿತು. ಅಷ್ಟು ಹೊತ್ತೂ ಹತ್ತಿರ ಬಾರದಿದ್ದ ಅಕ್ಕ ಎದ್ದು ಬಂದು ಅದನ್ನು ಬರಿಗೈಯಿಂದ ತಡೆದು ಒರೆಸಿದಳು.

"ಇಷ್ಟೊಂದು ಬಗ್ಗಿಹೋಗಿದ್ದೀಯಲ್ಲೇ," ಎಂದಳು.

ಪೆನ್ನು ಮತ್ತೆ ಕತ್ತಿನ ಕುಳಿಗೆ ಬಂತು. ಗೆರೆ ಮುಗಿಯುವವರೆಗೂ ಅಕ್ಕ ನೀಲಿಯಾದ ಅಂಗೈಯನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದು ನಿಂತಿದ್ದಳು.