ಹಗ್ಗದ ಆ ತುದಿ

ತೆರೆಯ ಮೇಲಿನ ಹೆಂಗಸು ಹಗ್ಗವನ್ನು ನಡುವಿಗೆ ಬಿಗಿದುಕೊಂಡು ಬಾವಿಕಟ್ಟೆಯ ಮೇಲೆ ಕಾಲಿಟ್ಟಳು. ಅದೇ ಹೊತ್ತಿಗೆ ಸರ್ವಮಂಗಳಾಳ ಚೀಲದೊಳಗೆ ಫೋನು ನಡುಗತೊಡಗಿತು. ಎರಡು ಸಲ ಹಾಗೇ ಬಿಟ್ಟಳು. ಮತ್ತೂ ನಡುಗಿದಾಗ ಸೀಟಿನಲ್ಲೇ ಬಗ್ಗಿ, ಸೆರಗು ಬಾಯಿಗೆ ಅಡ್ಡ ಹಿಡಿದು "ಹಲೋ" ಎಂದಳು.

"ಎಲ್ಲಿದ್ದಿ? ಮನಿ ಮುಂದ ನಿಂತೀನಿ. ಕೀಲಿ ನಿನ್ನ ಹತ್ರ ಐತಿ. ಕೊಯಮತ್ತೂರಿನ ಪಾರ್ಟಿಯವ್ರೂ ಬಂದಾರ," ಎಂದ ಗಂಡ ಸಿದ್ಧಲಿಂಗೇಶ್.

ಏಳದೆ ವಿಧಿಯಿರಲಿಲ್ಲ. ಬಾಗಿಲ ತನಕ ತೆರೆಯತ್ತಲೇ ಮುಖ ಮಾಡಿ ಹಿಂದಹಿಂದಕ್ಕೆ ನಡೆದಳು. ಆ ಹೆಂಗಸಿನ ತಲೆ ಬಾವಿಯೊಳಗೆ ಇಳಿಯುತ್ತಿದ್ದಂತೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಅವಳು ಆ ಸಿನಿಮಾಕ್ಕೆಂದು ಬಂದವಳೇ ಅಲ್ಲ. ಮಗಳು ತೇಜಶ್ರೀ ಮದ್ರಾಸಿನ ಕೋಯಂಬೇಡಿನ ಹತ್ತಿರದ ಮಾಲಿನಲ್ಲಿ ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟಿದ್ದಳು. "ಅಮ್ಮಾ, ಸುಮ್ಮಾ ಉಕ್ಕಾರಾದೆ, ಏದಾವದು ಪಡಂ ಪಾರು", ಸುಮ್ಮನೆ ಕೂರಬೇಡ, ಯಾವುದಾದರೂ ಸಿನಿಮಾ ನೋಡು, ಎಂದು ತಮಿಳಿನಲ್ಲೇ ಗದರಿಸಿ, ಆಗಷ್ಟೇ ಶುರುವಾಗಲಿದ್ದ ಯಾವುದೋ ಸಿನಿಮಾದ ಟಿಕೆಟ್ಟು ಕೈಗಿಟ್ಟಿದ್ದಳು. 'ಕಿಣಟ್ರು ವಾನಂ' ಅದರ ಹೆಸರು, ಬಾವಿಯ ಆಕಾಶ. ಹಾಡಿಲ್ಲ, ಹೊಡೆದಾಟವಿಲ್ಲ, ಕಂಡುಕೇಳಿದ ಒಂದು ಮುಖವಿಲ್ಲ. ಮಣಲಿಯಲ್ಲಿ ನೀರಿನ ಟ್ಯಾಂಕರ್ ಓಡಿಸುವ ಒಬ್ಬ ಹೆಂಗಸು. ಎಣ್ಣೆ ಕಾರ್ಖಾನೆಗಳ ಚಿಮಣಿಗಳಿಂದೇಳುವ ಬೆಂಕಿಯ ಬೆಳಕಿಗೆ ಅಲ್ಲಿ ಆಕಾಶದಲ್ಲಿ ನಕ್ಷತ್ರವೇ ಕಾಣುವುದಿಲ್ಲ. ಆದರೆ ಒಂದು ಕಾಂಪೌಂಡಿನೊಳಗೆ ಪಾಳುಬಿದ್ದ ಬಾವಿಯ ನೀರಿನಲ್ಲಿ ನಕ್ಷತ್ರಗಳು ತುಂಬಿಕೊಂಡಿವೆ. ನೋಡುತ್ತ ನೋಡುತ್ತ ಅವಳಿಗೆ ಹೊಳೆಯುತ್ತದೆ: ಅವು ನಮ್ಮ ನಕ್ಷತ್ರಗಳಲ್ಲ. ಕೊಡ ಬಿಡುತ್ತಾಳೆ. ಮೇಲೆ ಬಂದ ಕೊಡದ ಹಗ್ಗಕ್ಕೆ ಅವಳು ಹಾಕದ ಗಂಟೊಂದು ಬಿದ್ದಿರುತ್ತದೆ. ಮತ್ತೆ ಬಿಡುತ್ತಾಳೆ. ಈ ಸಲ ಆ ಕಡೆಯಿಂದ ಯಾರೋ ಹಗ್ಗ ಜಗ್ಗುತ್ತಾರೆ.

ಅಷ್ಟರಲ್ಲಿ ಕೀಲಿಯ ಕರೆ ಬಂದಿತ್ತು.

ಆ ರಾತ್ರಿ ಊಟಕ್ಕೆ ಬಡಿಸುತ್ತ ಅವಳು ತಡೆಯಲಾರದೆ ಕೇಳಿದಳು. "ಏನ್ರೀ, ಆ ಕಡಿಂದ ಹಗ್ಗಾ ಜಗ್ಗಿದವ್ರು ಯಾರಿರಬೇಕು?"

"ಯಾವ ಹಗ್ಗ?"

ಕಥೆಯೆಲ್ಲ ಹೇಳಿದಳು. ಸಿದ್ಧಲಿಂಗೇಶ್ ಅಂಬತ್ತೂರಿನಲ್ಲಿ ಬೇರಿಂಗ್ ವ್ಯಾಪಾರ ಮಾಡುವವನು. ಕೆಟ್ಟವನಲ್ಲ, ರೊಟ್ಟಿ ಮುರಿಯುತ್ತ ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಅದನ್ನ ಮಾಡಿದವ್ರಿಗೇ ಗೊತ್ತಿರೂದಿಲ್ಲ. ನಿನಗ್ಯಾಕ ಬೇಕು?" ಎಂದ.

ಸಿಟ್ಟಿನಿಂದಲ್ಲ, ನಳ ಬಂದ್ ಮಾಡು ಎನ್ನುವ ಹಾಗೆ ಅಂದಿದ್ದ. ಈ ಮಾತು ಅವಳಿಗೆ ಹೊಸದೇನೂ ಅಲ್ಲ. ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ, ನಾವು ಕಾಣುವ ನಕ್ಷತ್ರದ ಬೆಳಕು ಬಹಳ ಹಳೆಯದು ಎಂದು ಮೇಷ್ಟ್ರು ಹೇಳಿದ ದಿನ, ಮನೆಗೆ ಬಂದವಳೇ ಅಪ್ಪನನ್ನು ಕೇಳಿದ್ದಳು: ಹಾಗಾದರೆ ಆ ನಕ್ಷತ್ರ ಈಗ ಇದೆಯೋ ಇಲ್ಲವೋ? ಅಪ್ಪನೂ ಇದನ್ನೇ ಅಂದಿದ್ದ. ಪರೀಕ್ಷೆಗೆ ಮೊದಲೇ ಮದುವೆಯಾಯಿತು. ಮದ್ರಾಸಿನ ಸಂಸಾರ ಸುರುವಾಯಿತು. ಕೇಳುವುದು ತಾನಾಗಿ ಕಡಿಮೆಯಾಗಿತ್ತು. ಈಗ ಈ ಬಾವಿಯೊಂದು ಎಲ್ಲಿಂದಲೋ ಬಂದು ಅವಳ ಬೆನ್ನು ಬಿದ್ದಿತ್ತು. ಪಾತ್ರೆಗೆ ನೀರು ತುಂಬಿದರೆ ಬಗ್ಗಿ ನೋಡುವಳು. ತನ್ನ ಮುಖ ಕಂಡರೆ ಬೇಜಾರಾಗುವುದು.

ತೇಜಶ್ರೀ ಫೋನಿನಲ್ಲಿ ಹುಡುಕಿ ಹೇಳಿದಳು. "ಓಟಿಟಿಲ ಇಲ್ಲಮ್ಮಾ. ಶನಿವಾರ ಕಾಲೈಲ ಒರು ಷೋ ಇರುಕ್ಕು, ಅದಾನ್ ಲಾಸ್ಟ್. ಮಿನಿಮಮ್ ಟೆನ್ ಟಿಕೆಟ್ಸ್ ಹೋಗ್ಲಿಲ್ಲಾಂದ್ರೆ ಕ್ಯಾನ್ಸಲ್." ಬುಕಿಂಗಿನ ಪಟದಲ್ಲಿ ಕುರ್ಚಿಗಳೆಲ್ಲ ಖಾಲಿ. "ವೇಣುಂನಾ ಹತ್ತೂ ನಾನೇ ಬುಕ್ ಪಣ್ಣಿಡಟ್ಟುಮಾ?" ಬೇಕಾದರೆ ಹತ್ತನ್ನೂ ನಾನೇ ಬುಕ್ ಮಾಡಿಬಿಡಲಾ?

"ಹುಚ್ಚಿ," ಎಂದಳು ಸರ್ವಮಂಗಳಾ. "ನೋಡಿದ ಮ್ಯಾಲ ಖಾಲಿ ಕುರ್ಚಿಗೆ ಏನಂತ ಕೇಳ್ಲಿ?"

ಶನಿವಾರ ಬೆಳಿಗ್ಗೆ ಎಂದರೆ ಅಣ್ಣಾನಗರದ ಭವಾನಿಯವರ ಮನೆಯಲ್ಲಿ ಕನ್ನಡದ ಹೆಂಗಸರೆಲ್ಲ ಕೂಡಿ ವಚನ ಹಾಡುವ ಹೊತ್ತು. ಅವಳು ಫೋನು ಹಚ್ಚಿದಳು.

"ಅಕ್ಕಾರ, ಈ ಶನಿವಾರ ವಚನಾ ಬ್ಯಾಡ್ರಿ."

"ಯಾಕವಾ? ಯಾರರ ತೀರ್ಕೊಂಡ್ರೇನು?"

"ಇಲ್ರೀ. ಎಲ್ಲಾರೂ ಕೂಡಿ ಒಂದ್ ಬಾವಿ ನೋಡಾಕ ಹೋಗೂಣು."

ಭವಾನಿಯವರು ಕೇಳಿದರು, "ಬುತ್ತಿ ಕಟ್ಟಬೇಕೇನು?"

ಬುತ್ತಿ ಕಟ್ಟಿಕೊಂಡೇ ಬಂದರು. ಬಾವಿ ಎಂದರೆ ಯಾವುದೋ ತೀರ್ಥವೆಂದು ತಿಳಿದು ಕೆಲವರು ವಿಭೂತಿ ಢಾಳಾಗಿ ಹಚ್ಚಿಕೊಂಡಿದ್ದರು. ಬಾಗಿಲಲ್ಲೇ ಸೆಕ್ಯೂರಿಟಿಯವನು ಬುತ್ತಿಗಳನ್ನು ಇಸಿದುಕೊಂಡು ಒಂದರ ಮೇಲೊಂದು ಪೇರಿಸಿಟ್ಟ. ತೇಜಶ್ರೀಯೂ ಸೇರಿ ಎಣಿಸಿದರೆ ಹತ್ತಕ್ಕೆ ಒಬ್ಬರು ಕಡಿಮೆ. ಆ ಒಂದು ಟಿಕೆಟ್ಟನ್ನೂ ತಾನೇ ಕೊಂಡುಬಿಡೋಣವೆಂದು ಸರ್ವಮಂಗಳಾ ಪರ್ಸು ತೆಗೆಯುತ್ತಿದ್ದಾಗ ಹಿಂದಿನಿಂದ ಒಂದು ದನಿ ಬಂತು. "ಎನಕ್ಕು ಒಣ್ಣು ಕುಡುಂಗ." ನನಗೊಂದು ಕೊಡಿ.

ತಿರುಗಿದರೆ ಹೆಲ್ಮೆಟ್ಟು ಕೈಯಲ್ಲಿ ಹಿಡಿದ ಹೆಂಗಸು. ಗದ್ದದ ಮೇಲೆ ಸಣ್ಣ ಕಲೆ. ಸರ್ವಮಂಗಳಾ ಆ ಕಲೆಯನ್ನೇ ನೋಡಿದಳು. ತೆರೆಯ ಮೇಲೆ ಗೋಡೆಯಷ್ಟು ದೊಡ್ಡದಾಗಿ ಕಂಡಿದ್ದ ಮುಖ ಈಗ ಅವಳ ಭುಜದ ಮಟ್ಟಕ್ಕಿತ್ತು.

"ನೀವು... ಆ ಬಾವಿ..." ಎಂದಳು ತಮಿಳಿನಲ್ಲಿ.

ಹೆಂಗಸು ನಾಚಿಕೊಂಡಳು. ಹೆಸರು ಸೀತಾ, ತಿರುವೊಟ್ರಿಯೂರಿನ ಶಾಲೆಯೊಂದರಲ್ಲಿ ಟೀಚರು. ಗೆಳೆಯರೆಲ್ಲ ಸೇರಿ, ರಜೆ ಸಿಕ್ಕಾಗಲೆಲ್ಲ ಹೋಗಿ ಮಾಡಿದ ಸಿನಿಮಾವಂತೆ. ಬಿಡುಗಡೆಯಾದ ಮೇಲೆ ಶಾಲೆ ತಪ್ಪಿಸಲಾಗದೆ ಇನ್ನೂ ಒಮ್ಮೆಯೂ ಥಿಯೇಟರಿನಲ್ಲಿ ನೋಡಿರಲಿಲ್ಲ. ಇವತ್ತಿನ ಷೋ ನಡೆಯುವುದಿಲ್ಲ ಅಂದುಕೊಂಡೇ, ಪೋಸ್ಟರನ್ನಾದರೂ ನೋಡಿ ಹೋಗೋಣವೆಂದು ಬಂದಿದ್ದಳು.

"ಬಾವಿಯೊಳಗೆ ಏನಿತ್ತು?" ಸರ್ವಮಂಗಳಾಳಿಗೆ ಇನ್ನು ತಡೆಯಲಾಗಲಿಲ್ಲ.

ಸೀತಾ ನಕ್ಕಳು. "ಇಬ್ಬರು ಗಂಡಸರು ಹಾಸಿಗೆ ಹಿಡ್ಕೊಂಡು ನಿಂತಿದ್ರಮ್ಮಾ, ನಾನು ಬಿದ್ದರೆ ಅಂತ." ಆಮೇಲೆ ದನಿ ತಗ್ಗಿಸಿದಳು. "ಕೊನೆಯದನ್ನ ತುಂಡು ತುಂಡಾಗಿ ತೆಗೆದ್ರು. ಹೇಗೆ ಜೋಡಿಸಿದಾರೆ, ನನಗೂ ಗೊತ್ತಿಲ್ಲ."

ಎಲ್ಲರೂ ಒಂದೇ ಸಾಲಿನಲ್ಲಿ ಕೂತರು. ಸೀತಾ ತುದಿಯಲ್ಲಿ, ಅವಳ ಪಕ್ಕ ಸರ್ವಮಂಗಳಾ. ದೀಪ ಆರಿತು. "ಏ, ಇದು ನಮ್ಮ ಓಣ್ಯಾಗಿನ ಟ್ಯಾಂಕರ್ ಇದ್ಧಂಗ ಐತಲ್ಲ" ಎಂದು ಭವಾನಿಯವರು ಗಟ್ಟಿಯಾಗಿಯೇ ಅಂದರು. ಯಾರೋ ಆಕಳಿಸಿದರು. ಆದರೆ ಕೊಡ ಮೇಲೆ ಬಂದು ಆ ಗಂಟು ಕಂಡದ್ದೇ ಸಾಲಿಗೆ ಸಾಲೇ ಮುಂದಕ್ಕೆ ಬಾಗಿತು. "ನಮ್ಮ ಗಂಟಲ್ಲದು," ಎಂದು ಒಬ್ಬರು ಪಿಸುಗುಟ್ಟಿದರು. ತೇಜಶ್ರೀ ಫೋನು ಮಗುಚಿ ತೊಡೆಯ ಮೇಲಿಟ್ಟುಕೊಂಡಳು.

ಹೆಂಗಸು ಬಾವಿಗೆ ಇಳಿದಳು. ತೆರೆಯಿಡೀ ಕತ್ತಲೆ, ಉಸಿರಿನ ಸದ್ದೊಂದೇ. ಇಳಿಯುತ್ತಲೇ ಇದ್ದವಳು ಯಾವ ಗಳಿಗೆಯಲ್ಲಿ ಏರತೊಡಗಿದಳೋ ಸರ್ವಮಂಗಳಾಳಿಗೆ ತಿಳಿಯಲಿಲ್ಲ. ಕೈಯೊಂದು ಕಲ್ಲು ಹಿಡಿಯಿತು. ಬಾವಿಯಿಂದ ತಲೆ ಹೊರಬಂತು. ಅದೇ ಮಣಲಿ, ಅದೇ ಕಾಂಪೌಂಡು, ಅದೇ ಚಿಮಣಿಗಳು. ಆದರೆ ಚಿಮಣಿಗಳೆಲ್ಲ ತಣ್ಣಗಿದ್ದವು, ಮೇಲೆ ನಕ್ಷತ್ರಗಳು ಕಿಕ್ಕಿರಿದಿದ್ದವು. ಸುತ್ತ ಒಂದು ನರಪಿಳ್ಳೆಯಿಲ್ಲ. ಅವಳು ಕೂಗಿದಳು, ಕಾದಳು. ಹೊರಡಬೇಕೆಂದು ತಿರುಗಿದಾಗ, ಅವಳ ಬೆನ್ನ ಹಿಂದೆ, ಬಾವಿಯೊಳಗಿನಿಂದ ಒಂದು ಕೊಡ ಬಡಿದ ಸದ್ದು. ಬಗ್ಗಿ ನೋಡಿದರೆ ಕೆಳಗೆ ಯಾರದೋ ಹಗ್ಗ ತೂಗುತ್ತಿದೆ. ಅವಳು ಕೈ ಚಾಚಿ ಹಿಡಿದಳು. ಮೆಲ್ಲಗೆ ಜಗ್ಗಿದಳು.

"ಅಕೀನಽ ಅದಾಳ!" ಎಂದರು ಭವಾನಿ. "ಜಗ್ಗಿದಾಕಿ ಅಕೀನಽ!"

"ಅಲ್ರೀ ಅಕ್ಕಾರ, ಅಕೀನ್ನ ಜಗ್ಗಿದಾಕಿ ಬ್ಯಾರೆ. ಆಕಿ ಹೋಗ್ಯಾಳ. ಈಗ ಇಕೀ ಪಾಳಿ," ಎಂದರು ಪಕ್ಕದವರು.

"ಹಂಗಾರ ಮೊದಲ ಜಗ್ಗಿದಾಕಿ ಎಲ್ಲಿ ಹೋದಳು?"

ಸಾಲಿನುದ್ದಕ್ಕೂ ಕತ್ತಲಲ್ಲೇ ವಾದ ಎದ್ದಿತು. ಮಾತು ಅರ್ಧ ಕನ್ನಡ, ಅರ್ಧ ತಮಿಳು. ನಡುನಡುವೆ ತೇಜಶ್ರೀಯ ಇಂಗ್ಲಿಷು. ಸರ್ವಮಂಗಳಾಳಿಗೆ ಒಂದಲ್ಲ, ಏಳೆಂಟು ಪ್ರಶ್ನೆಗಳು ಒಟ್ಟಿಗೇ ನಾಲಿಗೆಗೆ ಬಂದವು. ಮೊದಲನೆಯದನ್ನು ಕೇಳೋಣವೆಂದು ಸೀತಾಳ ಕಡೆಗೆ ತಿರುಗಿದಳು.

ಸೀತಾ ತೆರೆಯನ್ನು ನೋಡುತ್ತಿರಲಿಲ್ಲ. ಹೆಲ್ಮೆಟ್ಟನ್ನು ಎದೆಗೊತ್ತಿಕೊಂಡು, ಸೀಟಿನಲ್ಲಿ ಅಡ್ಡ ತಿರುಗಿ, ಆ ಸಾಲನ್ನೇ ನೋಡುತ್ತಿದ್ದಳು. ವಿಭೂತಿಯ ಹಣೆಗಳ ಮೇಲೆ, ಕನ್ನಡಕಗಳ ಮೇಲೆ, ವಾದಕ್ಕೆಂದು ಎತ್ತಿದ ಕೈಗಳ ಮೇಲೆ ಆ ಆಕಾಶದ ತೆಳು ನೀಲಿ ಬೆಳಕು ಇನ್ನೂ ಅಲುಗುತ್ತಿತ್ತು.