ಅತ್ತೆ ಪೇಟೆಗೆ ಕಾರು ಇಳಿಸಿದ ದಿನ

ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವಳು ಸೊಸೆಯೇ. ಹಾಗಾಗಿ ಎಲ್ಲರ ಬಾಯಲ್ಲೂ ‘ಕ್ಲಚ್ ಮೇಡಂ’. ಊರೂ ಅಂಥದ್ದೇ, ಅತ್ತ ಮಹಾನಗರವೂ ಅಲ್ಲ, ಇತ್ತ ಹಳ್ಳಿಯೂ ಅಲ್ಲ. ನಡೆದುಹೋಗೋಣ ಅಂದರೆ ದೂರ, ಬಚ್ಚಿಟ್ಟುಕೊಳ್ಳೋಣ ಅಂದರೆ ಜಾಗವಿಲ್ಲ.

ಇಂಥ ಊರಲ್ಲಿ ಅವಳ ಅತ್ತೆಗೆ ಅರವತ್ತು ದಾಟಿದ ಮೇಲೆ ಕಾರು ಕಲಿಯುವ ಹುಚ್ಚು ಹಿಡಿಯಿತು. ಅದೂ ಗುಟ್ಟಾಗಿ.

“ನಿನ್ನ ಗಂಡನಿಗೆ ಹೇಳ್ಬೇಡ ಕಣೇ. ‘ನಾನಿಲ್ವಾ ಅಮ್ಮಾ’ ಅಂತಾನೆ. ಇರ್ತಾನೆ ನಿಜ, ಕಾರಿನ ಕೀ ಹುಡುಕ್ತಾ ಇರ್ತಾನೆ.”

ಸೊಸೆ ಬೆಳಗಿನ ಪಾಠಕ್ಕೆ ಊರಾಚೆ ಗೋದಾಮುಗಳ ಹಿಂದಿನ ಖಾಲಿ ರಸ್ತೆ ಆರಿಸಿಕೊಂಡಳು. ಮೊದಲ ದಿನವೇ ಗೋದಾಮಿನ ಕಾವಲುಗಾರ ಹಲ್ಲುಕಿರಿಯುತ್ತಾ ಓಡಿಬಂದ. “ಓಹೋ, ಕ್ಲಚ್ ಮೇಡಂ! ಇವರು ನಿಮ್ಮ ಅತ್ತೇನಾ?” ವಾರ ಕಳೆಯುವುದರೊಳಗೆ ಮಗನೊಬ್ಬನನ್ನು ಬಿಟ್ಟು ಊರಿಗೆಲ್ಲ ಗೊತ್ತಾಯಿತು. ಮೇಡಂ ಬೇಡ ಅಂದಿದ್ದರಿಂದ ಅವನ ಕಿವಿಗೆ ಮಾತ್ರ ಯಾರೂ ಹಾಕಲಿಲ್ಲ.

ಒಂದು ಸಂಜೆ ಅತ್ತೆ ಹಟ ಹಿಡಿದರು. “ಸುತ್ತಿದ್ದೇ ಸುತ್ತಿ ಗಾಣದೆತ್ತು ಆಗ್ಬಿಟ್ಟೆ. ಇವತ್ತು ಪೇಟೆಗೆ ನಡಿ.”

ಆಫೀಸು ಬಿಡುವ ಹೊತ್ತು. ದೊಡ್ಡ ವೃತ್ತದ ನಟ್ಟನಡುವೆ ಕಾರು ಬಿಕ್ಕಿ ನಿಂತುಬಿಟ್ಟಿತು. ಮತ್ತೆ ಚಾಲೂ ಮಾಡಿದರೆ ಮತ್ತೆ ಅದೇ ಬಿಕ್ಕಳಿಕೆ. ನಾಲ್ಕೂ ಕಡೆಯಿಂದ ವಾಹನಗಳು ಸಾಲುಗಟ್ಟಿದವು. ಅತ್ತೆಯ ಕೈ ಸ್ಟೀರಿಂಗಿಗೆ ಅಂಟಿಕೊಂಡಿತು.

ಆದರೆ ಒಬ್ಬರೂ ಹಾರನ್ ಒತ್ತಲಿಲ್ಲ. ಎಡಕ್ಕೆ ಬ್ಯಾಂಕಿನ ಕ್ಯಾಷಿಯರ್, ಎದುರಿಗೆ ದನದ ಡಾಕ್ಟರು, ಅವರ ಹಿಂದೆ ಹೂವಿನಂಗಡಿಯಾಕೆ. ಎಲ್ಲ ಅವಳ ಶಿಷ್ಯರೇ. ಕಲಿಯುವವರಿಗೆ ಹಾರನ್ ಹೊಡೆಯಬಾರದು ಅನ್ನುವುದು ಅವಳ ಮೊದಲ ಪಾಠ. ಕ್ಯಾಷಿಯರ್ ಕಿಟಕಿಯಿಂದ ತಲೆ ಹೊರಹಾಕಿ, “ನಿಧಾನ ಅಮ್ಮಾ, ಇಲ್ಲಿ ಯಾರ ಮನೆಯೂ ಹೊತ್ತಿ ಉರೀತಿಲ್ಲ” ಎಂದ.

ಅಷ್ಟರಲ್ಲಿ ಎರಡು ಗಾಡಿ ಹಿಂದಿನಿಂದ ಒಂದು ಹಾರನ್ ಅರಚಿತು. ಬಿಟ್ಟೂಬಿಡದೆ ಅರಚಿತು.

“ಯಾವನೋ ಅವನು, ಗಂಟಲು ಹರ್ಕೊಳ್ಳೋನು?” ಅತ್ತೆ ಬಾಗಿಲು ತೆರೆದು ಇಳಿದೇಬಿಟ್ಟರು. ಸೊಸೆ ಕನ್ನಡಿಯಲ್ಲಿ ನೋಡಿ ಹಣೆ ಚಚ್ಚಿಕೊಂಡಳು. ಮದುವೆಗೆ ಮುಂಚೆಯೇ ಬೇರೆಲ್ಲೋ ಕಾರು ಕಲಿತುಬಂದಿದ್ದ ಅವಳ ಗಂಡ!

ಅತ್ತೆ ಅವನ ಗಾಜು ತಟ್ಟಿದರು. ಗಾಜು ಇಳಿಯಿತು, ಮುಖವೂ ಇಳಿಯಿತು.

“ಅಮ್ಮಾ? ನೀನೇನಿಲ್ಲಿ?”

“ಕಾರು ಓಡಿಸ್ತಿದ್ದೀನಿ. ನೀನೇನು, ಕಹಳೆ ಊದ್ತಿದ್ದೀಯ?”

ಸುತ್ತಲಿನ ಕಾರುಗಳಲ್ಲಿ ನಗು ಉಕ್ಕಿತು. ಅವನು ಇಂಗು ತಿಂದ ಮಂಗನಂತೆ ಅತ್ತಿತ್ತ ನೋಡಿ, ತನ್ನ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಬಂದ. “ಊರಿಗೆಲ್ಲ ಗೊತ್ತು, ನನಗೊಬ್ಬನಿಗೆ ಹೇಳ್ಲಿಲ್ಲ” ಎಂದ ಹೆಂಡತಿಗೆ. ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಅವಳಿಗೂ ಪಾಪ ಅನ್ನಿಸಿತು.

“ಹೇಳಿದ್ರೆ ಬಿಡ್ತಿದ್ಯೇನೋ?” ಅತ್ತೆ ಕೇಳಿದರು.

ಅವನು ಅವರ ಕಾರಿನ ಹಿಂದಿನ ಸೀಟಿಗೆ ಹತ್ತಿ ಬೆಲ್ಟ್ ಬಿಗಿದುಕೊಂಡ. “ನಡಿ ಅಮ್ಮಾ.”

ಕಾರು ಈ ಸಲ ಬಿಕ್ಕಲಿಲ್ಲ. ಎರಡನೇ ಗೇರಿನಲ್ಲೇ, ಆಮೆಗೂ ಬೇಸರ ಬರುವಂತೆ, ಮನೆ ಮುಟ್ಟಿತು. ಅತ್ತೆ ಒಂದೇ ಏಟಿಗೆ ರಿವರ್ಸ್ ಹಾಕಿ ಗೇಟಿನೊಳಗೆ ನಿಲ್ಲಿಸಿದ್ದನ್ನು ಮಗ ಕಣ್ಣರಳಿಸಿ ನೋಡಿದ.

ಇಳಿಯುವಾಗ ಹೆಂಡತಿಯ ಕಿವಿಯ ಬಳಿ ಬಗ್ಗಿದ. “ಆ ರಿವರ್ಸ್... ನನಗೂ ಸ್ವಲ್ಪ ಹೇಳ್ಕೊಡ್ತೀಯಾ?”

“ಬೆಳಗಿನ ಹೊತ್ತು ನಂದು!” ಅತ್ತೆ ಕಾರಿನೊಳಗಿನಿಂದಲೇ ಕೂಗಿದರು. “ಅವನಿಗೆ ಬೇರೆ ಟೈಮ್ ಕೊಡು.”